ಸೆಸ್ನಾದಿಂದ ಸಿರಸ್‌ಗೆ: ಕೈಗಿಂತ ಕಿವಿಗೇ ಹೆಚ್ಚು ಕಷ್ಟವಾಯಿತು

ಎಪ್ಪತ್ತರ ದಶಕದ ಸೆಸ್ನಾ 172 ಎಂಬ ಸಣ್ಣ ವಿಮಾನವನ್ನು ಇನ್ನೂರು ಗಂಟೆ ಹಾರಿಸಿದ್ದೀರಿ, ಈಗ ಇಬ್ಬರು ಗೆಳೆಯರೊಡನೆ ಸೇರಿ ಬಳಸಿದ ಸಿರಸ್ ಎಸ್‌ಆರ್22 ಕೊಳ್ಳುತ್ತಿದ್ದೀರಿ. ಒಗ್ಗಿಕೊಳ್ಳಲು ಎಷ್ಟು ಕಾಲ ಬೇಕು, ಎಲ್ಲಿ ಎಡವುತ್ತೇವೆ, ಹಳೆಯದನ್ನು ಇಟ್ಟುಕೊಳ್ಳಬೇಕೇ ಎಂದು ಕೇಳಿದ್ದೀರಿ. ನಾನೂ ಇದೇ ದಾರಿಯಲ್ಲಿ ಬಂದವನು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ 1974ರ ಸೆಸ್ನಾವನ್ನು ಒಂಬತ್ತು ವರ್ಷ ಹಾರಿಸಿ, ಆಮೇಲೆ 2008ರ ಸಿರಸ್‌ಗೆ ಬದಲಾಯಿಸಿಕೊಂಡೆ.

ವಿಮೆಯವರು ಬೋಧಕರೊಡನೆ 10 ಗಂಟೆ ಕೇಳಿದ್ದರು. ನನಗೆ 16 ಬೇಕಾಯಿತು. ಅಮೆರಿಕದಲ್ಲಿ 200 ಅಶ್ವಶಕ್ತಿ ಮೀರಿದ ಎಂಜಿನ್‌ ಹಾರಿಸಲು ಬೋಧಕರು ಲಾಗ್‌ಬುಕ್‌ನಲ್ಲಿ ಬೇರೆಯೇ ಸಹಿ ಹಾಕಬೇಕು. ಹಳೆಯದರ 150 ಎಲ್ಲಿ, ಇದರ 310 ಎಲ್ಲಿ! ಆದರೆ ಆ ಸಹಿ ಸಿಕ್ಕಿದ ದಿನಕ್ಕೆ ಕಲಿಕೆ ಮುಗಿಯಿತು ಎಂದುಕೊಳ್ಳಬೇಡಿ. ನಿಜವಾಗಿ ನೆಮ್ಮದಿಯಿಂದ ಹಾರಿಸಲು ನನಗೆ ಒಂದು ವರ್ಷ ಹಿಡಿಯಿತು. ಕಾರಣ ಕೈಯಲ್ಲ, ಕಿವಿ.

ಸೆಸ್ನಾದಲ್ಲಿ ನಾನು ವೇಗವನ್ನು ಕಿವಿಯಿಂದಲೇ ತಿಳಿಯುತ್ತಿದ್ದೆ, ಹಾಗೆ ತಿಳಿಯುತ್ತಿದ್ದೇನೆಂಬುದು ಮಾತ್ರ ಗೊತ್ತಿರಲಿಲ್ಲ. ಅದರ ಪ್ರೊಪೆಲರ್ ಅಲಗುಗಳ ಕೋನ ಬದಲಾಗುವುದಿಲ್ಲ. ಮೂಗು ಮೇಲೆದ್ದರೆ ಎಂಜಿನ್ ದಿಬ್ಬ ಹತ್ತುವ ಲಾರಿಯಂತೆ ಏದುತ್ತದೆ, ಮೂಗು ಇಳಿದರೆ ಸ್ವರ ಏರುತ್ತದೆ. ಬಾಗಿಲ ಸಂದಿಯಲ್ಲಿ ಸುಯ್ಯೆನ್ನುವ ಗಾಳಿಯೂ ಅದನ್ನೇ ಹೇಳುತ್ತದೆ. ಸಿರಸ್‌ನಲ್ಲಿ ಅಲಗುಗಳು ಪರಿಸ್ಥಿತಿಗೆ ತಕ್ಕಂತೆ ತಾವೇ ಕೋನ ಬದಲಿಸಿ ಎಂಜಿನ್ನಿನ ಸುತ್ತನ್ನು ಒಂದೇ ಸಮ ಇಡುತ್ತವೆ. ಮೂಗು ಸ್ವಲ್ಪ ಕೆಳಗಿಟ್ಟು ವೇಗ ಏರುತ್ತಿದ್ದರೂ ದನಿ ಹೆಚ್ಚುಕಡಿಮೆ ಅದೇ. ಮೊದಲು ಓರೆಗಣ್ಣಿಗೂ ವೇಗದ ಮಾಪಕದ ಮುಳ್ಳು ಎತ್ತ ವಾಲಿದೆ ಎಂದು ಕಾಣುತ್ತಿತ್ತು. ಈಗ ಪರದೆಯ ಎಡಗಡೆ ಅಂಕಿಗಳು ಮೇಲೆ ಕೆಳಗೆ ಸರಿಯುತ್ತವೆ, ಅವನ್ನು ಓದಬೇಕು.

ಇದರ ಜೊತೆ ಅಳತೆಯ ಗೊಂದಲ. 1974ರ ಸೆಸ್ನಾದ ಮಾಪಕ ಗಂಟೆಗೆ ಇಷ್ಟು ಮೈಲಿ ಎಂದು ತೋರಿಸುತ್ತದೆ, ಸಿರಸ್‌ನದು ನಾಟ್‌ಗಳಲ್ಲಿ, ಅಂದರೆ ಗಂಟೆಗೆ ಇಷ್ಟು ನಾವಿಕ ಮೈಲಿ ಎಂದು. ಇಳಿಯಲು ಬರುವಾಗ ಹಳೆಯದರಲ್ಲಿ 70 ಮೈಲಿ, ಹೊಸದರಲ್ಲಿ 80 ನಾಟ್. ಅಂಕಿ ಹತ್ತಿರ ಹತ್ತಿರವೇ ಕಾಣುತ್ತದೆ, ಆದರೆ 80 ನಾಟ್ ಎಂದರೆ 92 ಮೈಲಿ.

ಮೂರನೆಯ ಪಾಠದ ದಿನ ಇವೆರಡೂ ಸೇರಿ ಬಂದವು. ಒಳಗೆ ಸದ್ದಿಲ್ಲ, ಆದ್ದರಿಂದ ನಿಧಾನವಾಗಿಯೇ ಬರುತ್ತಿದ್ದೇನೆ ಎಂದು ನಂಬಿದ್ದೆ. ಪರದೆಯಲ್ಲಿ 92 ನಾಟ್ ಇತ್ತು. ವಿಮಾನ ನೆಲ ಮುಟ್ಟಲು ಒಪ್ಪದೆ ತೇಲುತ್ತಲೇ ಹೋಯಿತು. 5,000 ಅಡಿ ಮೀರಿದ ರನ್‌ವೇಯಲ್ಲಿ ಅರ್ಧ ಹಿಂದೆ ಉಳಿಯಿತು. ಮತ್ತೆ ಏರೋಣವೆಂದು ಎಂಜಿನ್ನಿನ ಶಕ್ತಿ ಹೆಚ್ಚಿಸುವ ಲಿವರನ್ನು ಹಳೆಯ ಅಭ್ಯಾಸದಂತೆ ಒಂದೇ ಸಲಕ್ಕೆ ಮುಂದಕ್ಕೆ ದೂಡಿದೆ. ಮೂಗು ಎಡಕ್ಕೆ ಹೊರಳಿತು. ನನ್ನ ಕಾಲಿಗಿಂತ ಮೊದಲು ಬೋಧಕರ ಕಾಲು ಮೂಗನ್ನು ಬಲಕ್ಕೆ ತಿರುಗಿಸುವ ಬಲಗಡೆಯ ರಡ್ಡರ್ ಪೆಡಲನ್ನು ಒತ್ತಿತ್ತು. ಅವರು ಇರದಿದ್ದರೆ ಏನಾಗುತ್ತಿತ್ತೋ ಎಂಬ ಭಯ ಆ ರಾತ್ರಿ ನಿದ್ದೆ ಕೊಡಲಿಲ್ಲ. ಮರುದಿನದಿಂದ ಅವರು ಕಲಿಸಿದ್ದು ಒಂದೇ: ಇಳಿಯುವ ಸುತ್ತಿನಲ್ಲಿ ಪ್ರತಿ ತಿರುವಿಗೂ ವೇಗವನ್ನು ಬಾಯಿಬಿಟ್ಟು ಹೇಳುವುದು. ಇಂದಿಗೂ ಒಬ್ಬನೇ ಇದ್ದಾಗಲೂ ಹೇಳುತ್ತೇನೆ. ನೀವು ಮೊದಲ ದಿನದಿಂದಲೇ ಶುರುಮಾಡಿ.

ಸಣ್ಣಪುಟ್ಟವು ಇನ್ನೂ ಇವೆ. ಸಿರಸ್‌ನ ಮುಂದಿನ ಚಕ್ರಕ್ಕೂ ಪೆಡಲಿಗೂ ಕೊಂಡಿ ಇಲ್ಲ, ನೆಲದ ಮೇಲೆ ಬ್ರೇಕ್‌ನಿಂದಲೇ ತಿರುಗಿಸಬೇಕು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಸಾಗಿದರೆ ಅದು ಕಾದು ಬೆಂಕಿ ಹತ್ತಿಕೊಳ್ಳಬಹುದು. ಎಂಜಿನ್ ವೇಗ ತಗ್ಗಿಸಿ, ಬೇಕಾದಾಗ ಮಾತ್ರ ಒತ್ತಿ. ಸೆಸ್ನಾದಲ್ಲಿ ಎರಡೂ ಟ್ಯಾಂಕ್‌ಗಳಿಂದ ಒಟ್ಟಿಗೆ ಇಂಧನ ಬರುತ್ತಿತ್ತು; ಇಲ್ಲಿ ಎಡ ಇಲ್ಲವೇ ಬಲ, ನೀವೇ ನೆನಪಿಟ್ಟು ಬದಲಿಸಬೇಕು. ಪರದೆಯ ಗುಂಡಿಗಳನ್ನು ಆಕಾಶದಲ್ಲಿ ಕಲಿಯಬೇಡಿ. ವಿಮಾನ ನಿಲ್ಲಿಸುವ ಹ್ಯಾಂಗರ್‌ನಲ್ಲಿ ಹೊರಗಿನ ವಿದ್ಯುತ್ ಜೋಡಿಸಿ ನಾಲ್ಕು ಸಂಜೆ ಕೂತುಕೊಳ್ಳಿ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನ್ನ ಮನಸ್ಸಿನಿಂದ ಹೋಗಿಲ್ಲ. ಮುಳ್ಳಿನ ಮಾಪಕಗಳಿದ್ದ ಸಣ್ಣ ವಿಮಾನಗಳಿಗೆ ಹೋಲಿಸಿದರೆ ಪರದೆಯ ಕಾಕ್‌ಪಿಟ್ ಇದ್ದವುಗಳ ಒಟ್ಟು ಅಪಘಾತದ ಪ್ರಮಾಣ ಕಡಿಮೆ, ಸಾವು ಸಂಭವಿಸಿದ ಅಪಘಾತಗಳ ಪ್ರಮಾಣ ಮಾತ್ರ ಹೆಚ್ಚು. ಇಂಥ ವಿಮಾನಗಳು ದೂರದ ಪಯಣಕ್ಕೂ ಕೆಟ್ಟ ಹವೆಗೂ ಹೆಚ್ಚಾಗಿ ಹೋಗುತ್ತವೆ ಎಂಬುದನ್ನೂ ಅದು ಗಮನಿಸಿತ್ತು. ನನಗೆ ಅರ್ಥವಾದದ್ದು ಇಷ್ಟು: ಹಳೆಯ ಸೆಸ್ನಾದಲ್ಲಿ ಮೋಡ ಕಂಡರೆ ಮನೆಗೆ ವಾಪಸಾಗುತ್ತಿದ್ದ ನಾನೇ, ಪರದೆಯ ಮೇಲೆ ಹವಾಮಾನದ ಚಿತ್ರ ಮೂಡುತ್ತಿದ್ದಂತೆ ಹೊರಡೋಣ ಎನ್ನತೊಡಗಿದ್ದೆ. ಮೊದಲ ವರ್ಷ ಹಳೆಯ ಮಿತಿಗಳನ್ನೇ ಇಟ್ಟುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನು ಪ್ಯಾರಾಚೂಟ್. ಇಡೀ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಚೂಟ್ ಇದು. ಸಿರಸ್‌ನಲ್ಲಿ ಅದು ಮೊದಲ ಬಾರಿ ಪೈಲಟ್ ಒಬ್ಬರ ಜೀವ ಉಳಿಸಿದ್ದು 2002ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನಲ್ಲಿ, ವಿಮಾನವನ್ನು ಎಡಬಲಕ್ಕೆ ವಾಲಿಸುವ ರೆಕ್ಕೆಯಂಚಿನ ಹಲಗೆ, ಏಲರಾನ್, ಕಳಚಿಕೊಂಡಾಗ. ಶಿವಮೊಗ್ಗದಿಂದ ಬಂದಿದ್ದ ಅಮ್ಮನನ್ನು ಕೂರಿಸಿಕೊಂಡು, ತಲೆಯ ಮೇಲಿನ ಕೆಂಪು ಹಿಡಿಕೆ ತೋರಿಸಿ, "ನನಗೆ ಎಚ್ಚರ ತಪ್ಪಿದರೆ ಇದನ್ನು ಎರಡೂ ಕೈಯಿಂದ ಜೋರಾಗಿ ಎಳೆ" ಎಂದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಹಿಡಿಕೆಯನ್ನೇ ನೋಡಿ, "ಎಷ್ಟು ಹೊತ್ತು ಕಾಯಬೇಕು?" ಎಂದು ಕೇಳಿದಳು. "ಎರಡು ಸಲ ಕರೆದರೂ ಮಾತಾಡದಿದ್ದರೆ ಕಾಯಬೇಡ" ಎಂದೆ. ಆ ಪ್ರಶ್ನೆಯನ್ನು ನಾನು ನನಗೆ ಕೇಳಿಕೊಂಡೇ ಇರಲಿಲ್ಲ. ಎಳೆಯಬಹುದಾಗಿದ್ದರೂ ಎಳೆಯದೆ ಸತ್ತವರ ವರದಿಗಳನ್ನು ಓದಿದ್ದೇನೆ. ಅವರೆಲ್ಲ ನನ್ನಂಥವರೇ, ವಿಮಾನವನ್ನು ಇಳಿಸಿಯೇ ತೀರುತ್ತೇನೆಂದು ಹೊರಟವರು. ಅಂದಿನಿಂದ ಪ್ರತಿ ಹಾರಾಟದ ಮೊದಲು ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ: ಎಂಜಿನ್ ನಿಂತರೆ 500 ಅಡಿಗಿಂತ ಕೆಳಗೆ ನೇರ ಮುಂದೆ ಇಳಿಯುವುದು, 500ರಿಂದ 2,000ದವರೆಗೆ ತಕ್ಷಣ ಎಳೆಯುವುದು, ಅದಕ್ಕಿಂತ ಮೇಲಿದ್ದರೆ ಮಾತ್ರ ಯೋಚಿಸಲು ಸಮಯ. ನಿಮ್ಮ ಮಾದರಿಗೆ ಈ ಅಂಕಿಗಳು ಎಷ್ಟೆಂದು ಕೈಪಿಡಿ ನೋಡಿ, ಬೋಧಕರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಪ್ಯಾರಾಚೂಟನ್ನು ಹತ್ತು ವರ್ಷಕ್ಕೊಮ್ಮೆ ಬದಲಿಸಬೇಕು, ಅದಕ್ಕೆ ಹತ್ತು ಸಾವಿರ ಡಾಲರಿಗೂ ಮೀರಿ ಖರ್ಚಾಗುತ್ತದೆ. ಕೊಳ್ಳುವ ಮೊದಲು ಆ ತಾರೀಖು ನೋಡಿ, ಬೆಲೆ ಮಾತಾಡಿ.

ಹಳೆಯದನ್ನು ಮಾರಿಬಿಡಿ. ಎರಡರ ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ ಹೊರೆಯೇ. ಅದಕ್ಕಿಂತ ಹೆಚ್ಚಾಗಿ, ಹೊಸದಕ್ಕೆ ಬೇಕಾದ ಗಂಟೆಗಳು ಇಬ್ಭಾಗವಾಗುತ್ತವೆ. ನಾನು ಎಂಟು ತಿಂಗಳು ತಡಮಾಡಿದೆ. ಕೊನೆಗೆ ಕೊಳ್ಳಲು ಬಂದ ಯುವಕನನ್ನು ಎಡಗಡೆ ಕೂರಿಸಿ ಒಂದು ಸುತ್ತು ಹೊರಟೆ. ಇಳಿಯಲು ತಿರುಗಿದಾಗ ನಾನು ಕಿಟಕಿಯಾಚೆ ಒಣಗಿದ ಗುಡ್ಡಗಳನ್ನು ನೋಡುತ್ತಿದ್ದೆ. "ಎಪ್ಪತ್ತು" ಎಂದೆ. ಅವನು ಮಾಪಕದ ಕಡೆ ಬಗ್ಗಿ ನೋಡಿದ. ಎಪ್ಪತ್ತೇ ಇತ್ತು.