ಬಿಲ್ ನೋಡೋಕೂ ಮನಸ್ಸು ಬರ್ತಿಲ್ಲ

ಪ್ರಶ್ನೆ: ಮೇಡಂ, ಇಬ್ಬರು ಮಕ್ಕಳ ತಾಯಿ ನಾನು. ಡಿಪ್ರೆಶನ್ ಅಂತ ಡಾಕ್ಟ್ರು ಮಾತ್ರೆ ಕೊಟ್ಟು ಹತ್ತು ದಿನ ಆಯ್ತು, ಏನೂ ಬದಲಾವಣೆ ಇಲ್ಲ. ಕೆಲಸಕ್ಕೆ ಹೇಗೋ ಹೋಗಿ ಬರ್ತೀನಿ, ಆದ್ರೆ ಬಿಲ್ಲು, ಸಾಲದ ಕಂತು ಅಂದ್ರೆ ಫೋನೇ ತೆಗೆಯಲ್ಲ, ಮಕ್ಕಳ ಮೇಲೆ ರೇಗ್ತೀನಿ. ಮಾತ್ರೆ ಬಿಟ್ಬಿಡ್ಲಾ?

ಉತ್ತರ: ದಯವಿಟ್ಟು ಬಿಡಬೇಡಿ ಕಣಮ್ಮ. ಈ ಮಾತ್ರೆಗಳ ಗುಣ ಕಾಣೋಕೆ ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ, ತಟ್ಟನೆ ನಿಲ್ಸಿದ್ರೆ ತಲೆಸುತ್ತು, ನಿದ್ದೆ ಕೆಡೋದು ಬೇರೆ. ಥೈರಾಯ್ಡ್, ರಕ್ತಹೀನತೆ ಟೆಸ್ಟ್ ಆಗಿಲ್ಲಾಂದ್ರೆ ಕೇಳಿ ಮಾಡಿಸ್ಕೊಳ್ಳಿ, ಅದ್ರಿಂದಲೂ ಹೀಗೇ ಸುಸ್ತಾಗತ್ತೆ.

ಬಿಲ್ ನೋಡದೇ ಇರೋದು ಸೋಮಾರಿತನ ಅಲ್ಲ, ಈ ಕಾಯಿಲೆ ಗಮನ, ನಿರ್ಧಾರ ಎರಡನ್ನೂ ಕುಗ್ಗಿಸತ್ತೆ. ಬಾಡಿಗೆ, ಕರೆಂಟು, ಕಂತು ಇಷ್ಟನ್ನ ಸಂಬಳ ಬಂದ ಮಾರನೇ ದಿನಕ್ಕೆ ಆಟೋಪೇಗೆ ಹಾಕ್ಬಿಡಿ, ಉಳಿದಿದ್ದನ್ನ ವಾರಕ್ಕೊಂದ್ ಸಲ ನಂಬಿಕಸ್ಥರನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೋಡಿ. ಕಂತು ತಪ್ಪೋ ಹಾಗಿದ್ರೆ ಮೊದಲೇ ಬ್ಯಾಂಕಿಗೆ ಹೇಳಿ, ತಪ್ಪಿದ ಮೇಲೆ ಹೇಳೋದಕ್ಕಿಂತ ಆಗ ದಾರಿ ಜಾಸ್ತಿ ಇರತ್ತೆ. ಕೆಲಸ ಬಿಡೋ ನಿರ್ಧಾರ ಈಗ ಬೇಡ.

ಮಕ್ಕಳಿಗೆ "ಅಮ್ಮಂಗೆ ಹುಷಾರಿಲ್ಲ, ನಿಮ್ ತಪ್ಪೇನಿಲ್ಲ" ಅಂತ ಬಾಯಿಬಿಟ್ಟು ಹೇಳಿ, ಅವರು ತಮ್ಮದೇ ತಪ್ಪು ಅಂದ್ಕೊಂಡಿರ್ತಾರೆ. ಸಾಯೋ ಯೋಚನೆ ಬಂದ್ರೆ ಮಾತ್ರ ಮುಂದಿನ ಅಪಾಯಿಂಟ್‌ಮೆಂಟ್ ಅಂತ ಕಾಯ್ಬೇಡಿ, ತಕ್ಷಣ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.