‘ಬರೀ ಬಿ.ಎಸ್ಸಿ.ಯಾ?’ ಅನ್ನುವವರಿಗೆ

ಹಾವೇರಿ ಜಿಲ್ಲೆಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಮಗಳು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದಾಳೆ, ಭೌತಶಾಸ್ತ್ರ ಮತ್ತು ಗಣಿತ. ನೆಂಟರು ಸಿಕ್ಕಲ್ಲೆಲ್ಲ ‘ಬರೀ ಬಿ.ಎಸ್ಸಿ.ಯಾ? ಎಂಜಿನಿಯರಿಂಗ್ ಸಿಗಲಿಲ್ವಾ?’ ಅಂತ ಕೇಳುತ್ತಾರಂತೆ. ಕ್ಲಾಸಿನಲ್ಲಿ ಲೆಕ್ಚರರು ನೋಟ್ಸ್ ಬರೆಸುತ್ತಾರೆ, ಅಷ್ಟೇ ಪಾಠ. ಇವರ ಪ್ರಶ್ನೆ ಎರಡು. ಈ ಪದವಿ ಮುಗಿಸಿದ ಮೇಲೆ ಮುಂದೇನು? ಹೀಗೆ ಕಲಿತರೆ ಸಾಕಾ?

ಸಂಪಾದಕರ ಉತ್ತರ:

ಸರ್, ಮೊದಲು ಕಹಿ ಮಾತು ಹೇಳಿಬಿಡುತ್ತೇವೆ. ಬಿ.ಎಸ್ಸಿ. ಸರ್ಟಿಫಿಕೇಟ್ ಒಂದನ್ನೇ ಹಿಡಿದು ಹೊರಟರೆ ವಿಜ್ಞಾನದ ಒಳ್ಳೆ ಕೆಲಸ ಸಿಗುವುದು ಕಷ್ಟ. ಅದರ ಮೇಲೆ ಇನ್ನೊಂದು ಓದು ಬೇಕೇ ಬೇಕು. ಎರಡು ವರ್ಷದ ಬಿ.ಎಡ್. ಮಾಡಿ ಹೈಸ್ಕೂಲಿನ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿಯಾಗಬಹುದು. ನೇಮಕಾತಿ ಯಾವಾಗ ಕರೆಯುತ್ತಾರೆ ಅನ್ನುವುದು ಮಾತ್ರ ಸರ್ಕಾರಕ್ಕೇ ಗೊತ್ತು. ಗಣಿತ ಓದಿದವರಿಗೆ ಎಂಸಿಎ, ಅಂದರೆ ಕಂಪ್ಯೂಟರ್ ಸ್ನಾತಕೋತ್ತರ ಪದವಿ ಇದೆ. ಬ್ಯಾಂಕ್ ಪರೀಕ್ಷೆಗೆ, ಕೆಎಎಸ್‌ಗೆ ಯಾವ ಪದವಿಯಾದರೂ ನಡೆಯುತ್ತದೆ. ಇವೆಲ್ಲ ನಿಮಗೂ ಗೊತ್ತಿರುವವೇ.

ತಾಲ್ಲೂಕು ಕಾಲೇಜುಗಳಲ್ಲಿ ಅಷ್ಟಾಗಿ ಯಾರೂ ಹೇಳದ ದಾರಿ ಜ್ಯಾಮ್ (JAM), ಅಂದರೆ ಎಂ.ಎಸ್ಸಿ. ಪ್ರವೇಶ ಪರೀಕ್ಷೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಸೇರಿ ನಡೆಸುತ್ತವೆ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಐಐಟಿಗಳ ಎಂ.ಎಸ್ಸಿ., ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ. (ಎಂ.ಎಸ್ಸಿ., ಪಿಎಚ್.ಡಿ. ಎರಡೂ ಒಟ್ಟಿಗೆ), ಸುರತ್ಕಲ್ ಎನ್‌ಐಟಿಯ ಎಂ.ಎಸ್ಸಿ., ಎಲ್ಲಕ್ಕೂ ಇದರ ಅಂಕವೇ ಬಾಗಿಲು. ಹನ್ನೆರಡನೇ ಕ್ಲಾಸು ಮುಗಿಸಿ ಐಐಟಿಗೆ ಹೋಗಲಾಗದವರು ಬಿ.ಎಸ್ಸಿ. ಮುಗಿಸಿ ಅಲ್ಲಿಗೇ ಹೋಗಬಹುದು. ನೆಂಟರಿಗೆ ಇಷ್ಟು ಹೇಳಿದರೆ ಸಾಕು.

ಆದರೆ ಆ ಪ್ರಶ್ನೆಪತ್ರಿಕೆ ನೋಟ್ಸ್ ಬಾಯಿಪಾಠ ಮಾಡಿದವರಿಗೆ ಬಗ್ಗುವುದಲ್ಲ. ಸಿಲಬಸ್ ಬಿ.ಎಸ್ಸಿ.ದೇ, ಪ್ರಶ್ನೆ ಕೇಳುವ ರೀತಿ ಬೇರೆ. ಹಾಗಾಗಿ ನಿಮ್ಮ ಎರಡೂ ಪ್ರಶ್ನೆ ನಮಗೆ ಒಂದೇ ಅನಿಸುತ್ತವೆ.

ಲೋಲಕದ ಪ್ರಯೋಗವನ್ನೇ ನೋಡಿ. ಒಂದು ಮೀಟರ್ ದಾರ, ಗುಂಡು, ಸ್ಟಾಪ್‌ವಾಚ್. 20 ಆಂದೋಲನಕ್ಕೆ ಸುಮಾರು 40 ಸೆಕೆಂಡು. ಅದರಿಂದ ಗುರುತ್ವದ ಬೆಲೆ (g, ಮೀಟರ್/ಸೆಕೆಂಡ್²ನಲ್ಲಿ) ತೆಗೆಯಬೇಕು. ಎಷ್ಟೋ ಲ್ಯಾಬುಗಳಲ್ಲಿ ಏನು ನಡೆಯುತ್ತದೆ? ಉತ್ತರ 9.8 ಅಂತ ಮೊದಲೇ ಗೊತ್ತು, ಹಿಂದಿನಿಂದ ಲೆಕ್ಕ ಹಾಕಿ ರೀಡಿಂಗ್ ಹೊಂದಿಸುತ್ತಾರೆ. ರೆಕಾರ್ಡ್ ಚೆಂದ, ಸಹಿ ಬೀಳುತ್ತದೆ, ಇಂಟರ್ನಲ್ಸ್ ಅಂಕವೂ ಬರುತ್ತದೆ. ನಿಜ ಏನೆಂದರೆ, ಸ್ಟಾಪ್‌ವಾಚ್ ಒತ್ತುವಾಗ 0.2 ಸೆಕೆಂಡು ಆಚೀಚೆ ಆದರೂ ಉತ್ತರ ಶೇ. 1ರಷ್ಟು, ಅಂದರೆ 0.1ರಷ್ಟು ಅಲ್ಲಾಡುತ್ತದೆ. 9.7 ಬಂದವಳು ತಪ್ಪು ಮಾಡಿಲ್ಲ. ಪ್ರತಿಸಲ ಸರಿಯಾಗಿ 9.80 ತಂದವನ ಮೇಲೇ ಅನುಮಾನ ಪಡಬೇಕು. ತಮಾಷೆ ಅಂದರೆ ಬೆಂಗಳೂರಿನಲ್ಲಿ ಅದರ ನಿಜವಾದ ಬೆಲೆ ಸುಮಾರು 9.78!

ಮಗಳಿಗೆ ಹೇಳಿ: ಬಂದ ರೀಡಿಂಗನ್ನೇ ಬರೆಯಲಿ, ಯಾಕೆ ಅಷ್ಟು ಬಂತು ಅಂತ ಪಕ್ಕದಲ್ಲಿ ಎರಡು ಸಾಲು ಬರೆಯಲಿ. ಅಂಕ ಒಂದೆರಡು ಹೋದರೆ ಹೋಗಲಿ. ಔಷಧ ಕಂಪನಿಯ ಲ್ಯಾಬಿಗಾಗಲಿ, ಡೇಟಾ ಕೆಲಸಕ್ಕಾಗಲಿ, ಸಂಶೋಧನೆಗಾಗಲಿ ಬೇಕಾಗಿರುವುದು ಇದೇ ಅಭ್ಯಾಸ.

ಇನ್ನು ನೋಟ್ಸ್ ವಿಷಯ. ಎಲ್ಲ ತಪ್ಪನ್ನೂ ಲೆಕ್ಚರರ ತಲೆಗೆ ಕಟ್ಟಬೇಡಿ. 2021ರಲ್ಲಿ ರಾಜ್ಯಕ್ಕೆ ಬಂದ ನಾಲ್ಕು ವರ್ಷದ ಪದವಿ 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಸಿಲಬಸ್ ಬದಲಾಗುತ್ತಲೇ ಇದ್ದರೆ ಅವರಾದರೂ ಏನು ಮಾಡಿಯಾರು? ಆದರೂ ಖರ್ಚಿಲ್ಲದೆ ಮಾಡಬಹುದಾದದ್ದು ಒಂದಿದೆ. ಹಾರ್ವರ್ಡಿನ ಭೌತಶಾಸ್ತ್ರದ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದಲ್ಲಿ ಹೀಗೆ ಶುರು ಮಾಡಿದರು: ಪಾಠದ ನಡುವೆ ನಿಲ್ಲಿಸಿ ಒಂದು ಪ್ರಶ್ನೆ ಹಾಕುವುದು, ಪಕ್ಕದವರ ಜೊತೆ ವಾದ ಮಾಡಲು ಬಿಡುವುದು, ಆಮೇಲೆ ಉತ್ತರ ಹೇಳುವುದು. ಕಬ್ಬಿನ ಲಾರಿ ಬಂದು ನಿಂತ ಸ್ಕೂಟಿಗೆ ಗುದ್ದಿತು ಅಂದುಕೊಳ್ಳಿ. ಲಾರಿ ಸ್ಕೂಟಿಯ ಮೇಲೆ ಹಾಕುವ ಬಲ ಜಾಸ್ತಿಯೋ, ಸ್ಕೂಟಿ ಲಾರಿಯ ಮೇಲೆ ಹಾಕುವುದೋ? ನ್ಯೂಟನ್ನನ ಮೂರನೇ ನಿಯಮ ಗಡಗಡ ಹೇಳುವವರೂ ಇಲ್ಲಿ ‘ಲಾರಿದೇ ಜಾಸ್ತಿ’ ಅನ್ನುತ್ತಾರೆ. ಎರಡೂ ಸಮ. ನಿಯಮ ಬಾಯಿಗೆ ಬಂದಿದೆ, ತಲೆಗೆ ಇಳಿದಿಲ್ಲ ಅನ್ನುವುದು ಗೊತ್ತಾಗುವುದೇ ಇಂಥ ಕಡೆ. ಇದು ಸುಮ್ನೆ ಹೇಳುವ ಮಾತಲ್ಲ. ಅಮೆರಿಕದಲ್ಲಿ 225 ಅಧ್ಯಯನಗಳನ್ನು ಒಟ್ಟುಮಾಡಿ 2014ರಲ್ಲಿ ನೋಡಿದಾಗ, ಬರೀ ಉಪನ್ಯಾಸದ ಕ್ಲಾಸುಗಳಲ್ಲಿ ಶೇ. 34ರಷ್ಟು ಮಂದಿ ಫೇಲಾಗುತ್ತಿದ್ದರು. ವಿದ್ಯಾರ್ಥಿಗಳು ತಾವೇ ತೊಡಗುವ ಕ್ಲಾಸುಗಳಲ್ಲಿ ಅದು ಶೇ. 22. ಕಾಲೇಜಿನಲ್ಲಿ ಆಗದಿದ್ದರೆ ಮಗಳು ನಾಲ್ಕು ಗೆಳತಿಯರ ಜೊತೆ ಕೂತು ಸಂಜೆ ಇದನ್ನೇ ಮಾಡಬಹುದು.

ಕೊನೆಗೊಂದು ಕೆಲಸ, ಇದನ್ನು ಮುಂದೂಡಬೇಡಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆಯ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಎರಡು ತಿಂಗಳು ವಿಜ್ಞಾನಿಯೊಬ್ಬರ ಲ್ಯಾಬಿನಲ್ಲಿ ಕೆಲಸ, ಸ್ಟೈಪೆಂಡ್ ಕೂಡ. ಅರ್ಜಿಯನ್ನು ಹಿಂದಿನ ವರ್ಷದ ಕೊನೆಯಲ್ಲೇ ಹಾಕಬೇಕಾಗುತ್ತದೆ. ಏನು ಮಾಡಲು ಆಸೆ ಅಂತ ಮಗಳೇ ಒಂದು ಪುಟ್ಟ ಬರಹ ಬರೆಯಬೇಕು, ಲೆಕ್ಚರರ ಶಿಫಾರಸು ಪತ್ರವೂ ಬೇಕು. ಪತ್ರ ಕೇಳಲು ಹೋದಾಗ ಆ ಮೇಡಂಗೋ ಸರ್‌ಗೋ ಇನ್ನೊಂದು ಮಾತು ತಿಳಿಸಲಿ: ಈ ಫೆಲೋಶಿಪ್ ಶಿಕ್ಷಕರಿಗೂ ಇದೆ, ಅವರೂ ಅರ್ಜಿ ಹಾಕಬಹುದು.