ಮಾದರಿ ಟ್ಯಾಂಕ್ ಕಾಳಗ: ಯಾವ ವಾಹನವನ್ನು ಕಣಕ್ಕೆ ಬಿಡಬೇಕು?

ಪ್ರಶ್ನೆ: ಕೋಲಾರದ ನಾವು ಕೆಲವು ಗೆಳೆಯರು ರಾಗಿ ಕೊಯ್ದ ಹೊಲದಲ್ಲಿ 1:16 ಅಳತೆಯ (ಮೂಲದ ಹದಿನಾರನೇ ಒಂದು ಪಾಲಿನ) ರಿಮೋಟ್ ಟ್ಯಾಂಕ್‌ಗಳಿಂದ, ಗುಂಡಿನ ಬದಲು ಕಣ್ಣಿಗೆ ಕಾಣದ ಕಿರಣ ಹಾಯಿಸುವ ಇನ್‌ಫ್ರಾರೆಡ್ ಕಾಳಗ ಆಡುತ್ತೇವೆ. ಹೆಚ್ಚಿನವರದು ಶೆರ್ಮನ್, ಟಿ-34, ಟೈಗರ್. ಈಗ ಒಬ್ಬರು ಆಧುನಿಕ ರಷ್ಯನ್ ಟ್ಯಾಂಕ್ ಟಿ-90 ತರುತ್ತೇನೆ ಎನ್ನುತ್ತಿದ್ದಾರೆ; ಇನ್ನೊಬ್ಬರು ಭಾರತದ ಹಳೆಯ ಟ್ಯಾಂಕ್ ವಿಜಯಂತವನ್ನು ತಾವೇ ಕಟ್ಟುತ್ತಿದ್ದಾರೆ. ಯಾವುದಕ್ಕೆ ಒಪ್ಪಿಗೆ ಕೊಡಬೇಕು?

ಉತ್ತರ: ಮೊದಲು ಕಾಲಘಟ್ಟವನ್ನು ನಿಗದಿ ಮಾಡಿಕೊಳ್ಳಿ, ವಾಹನದ ಮಾತು ಆಮೇಲೆ. ನಿಮ್ಮ ಬಳಿ ಇರುವ ಮೂರೂ ಎರಡನೆಯ ಮಹಾಯುದ್ಧದಲ್ಲಿ ಕಾದಾಡಿದವು, ಆದ್ದರಿಂದ 1945ರ ಗಡಿ ಸಹಜವಾಗಿ ಹೊಂದುತ್ತದೆ. ಅದರ ಜೊತೆಗೆ, ಯಾವುದಾದರೂ ಸೈನ್ಯ ನಿಜವಾಗಿ ಬಳಸಿದ ವಾಹನಕ್ಕೆ ಮಾತ್ರ ಅವಕಾಶ ಎಂದು ಬರೆದಿಡಿ. ಇಲ್ಲದಿದ್ದರೆ, ಕೇವಲ ಎರಡು ಪ್ರಯೋಗ ವಾಹನಗಳಷ್ಟೇ ತಯಾರಾಗಿದ್ದ 188 ಟನ್ ತೂಕದ ಜರ್ಮನ್ ಟ್ಯಾಂಕ್ ಮೌಸ್‌ನಂಥದ್ದನ್ನು ಯಾರಾದರೂ ತಂದು ನಿಲ್ಲಿಸಿದಾಗ ನಿರಾಕರಿಸಲು ನಿಮ್ಮ ಬಳಿ ಆಧಾರ ಇರುವುದಿಲ್ಲ.

ಟಿ-90ರ ಬಗ್ಗೆ ನಿಮ್ಮ ಅಳುಕು ಬಹುಶಃ ಅದರ 125 ಮಿ.ಮೀ. ಫಿರಂಗಿ ಮತ್ತು ಕವಚದ ಕುರಿತದ್ದು. ಆದರೆ ಮಾದರಿಯೊಳಗೆ ಏಟು ಎಣಿಸುವ ಇನ್‌ಫ್ರಾರೆಡ್ ಬೋರ್ಡಿಗೆ ಕವಚದ ದಪ್ಪ ತಿಳಿಯುವುದಿಲ್ಲ. ಲಘು, ಮಧ್ಯಮ, ಭಾರೀ ಎಂಬ ಯಾವ ವರ್ಗಕ್ಕೆ ನೀವು ಅದನ್ನು ಹೊಂದಿಸಿರುತ್ತೀರೋ ಅದರಂತೆಯೇ ಅದು ಏಟುಗಳನ್ನು ಎಣಿಸುತ್ತದೆ. ನಿಜವಾದ ವ್ಯತ್ಯಾಸ ಇರುವುದು ವೇಗದಲ್ಲಿ. ಗಂಟೆಗೆ 60 ಕಿ.ಮೀ. ಓಡುವ ಟಿ-90 ಈ ಅಳತೆಯಲ್ಲಿ ಐದು ಮೀಟರನ್ನು ಸುಮಾರು 5 ಸೆಕೆಂಡಿನಲ್ಲಿ ದಾಟಬೇಕು, 40 ಕಿ.ಮೀ. ವೇಗದ ಶೆರ್ಮನ್ ಸುಮಾರು 7 ಸೆಕೆಂಡಿನಲ್ಲಿ. ನೆಲದ ಮೇಲೆ ಎರಡು ಗೆರೆ ಎಳೆದು, ಮೊಬೈಲಿನಲ್ಲಿ ಸಮಯ ಹಿಡಿದು ಪ್ರತಿ ವಾಹನವನ್ನೂ ಓಡಿಸಿ ನೋಡಿ. ತನ್ನ ಮೂಲ ವಾಹನಕ್ಕಿಂತ ಬೇಗ ಓಡುವುದನ್ನು, ಅದು ಹಳೆಯ ಸದಸ್ಯರದೇ ಆಗಿದ್ದರೂ, ವೇಗ ತಗ್ಗಿಸದೆ ಬಿಡಬೇಡಿ. ಟಿ-90ರ ವೇಗವನ್ನು ಶೆರ್ಮನ್ ಮಟ್ಟಕ್ಕೆ ಇಳಿಸಿಯೂ ಸೇರಿಸಿಕೊಳ್ಳಬಹುದು, ಆದರೆ ನಾನು ಹಾಗೆ ಮಾಡುವುದಿಲ್ಲ: ಆಗ ಅದು ಹೆಸರಿಗಷ್ಟೇ ಟಿ-90. ಅದರ ಸಮಕಾಲೀನ ಇನ್ನೊಂದು, ಟಿ-72 ಆದರೂ ಸರಿ, ಬರುವವರೆಗೆ ಆ ಗೆಳೆಯರು ಕಾಯುವುದೇ ಒಳ್ಳೆಯದು.

ವಿಜಯಂತಕ್ಕೆ ಮಾತ್ರ ಬಾಗಿಲು ಮುಚ್ಚಬೇಡಿ. ಚೆನ್ನೈ ಬಳಿಯ ಆವಡಿಯಲ್ಲಿ ತಯಾರಾದ, 105 ಮಿ.ಮೀ. ಫಿರಂಗಿಯ ಈ ಟ್ಯಾಂಕನ್ನು ಒಬ್ಬರು ಕೈಯಾರೆ ಕಟ್ಟುತ್ತಿದ್ದಾರೆ ಎಂಬುದೇ ನನಗೆ ತುಂಬ ಸಂತೋಷದ ವಿಷಯ. ಅದಕ್ಕಾಗಿ 1965ರಿಂದ 1971ರವರೆಗಿನ ಕಾಲಘಟ್ಟದ ಎರಡನೆಯ ಪಂದ್ಯವನ್ನು ಇಟ್ಟುಕೊಳ್ಳಿ. 1965ರ ಯುದ್ಧದಲ್ಲಿ ಭಾರತ, ಪಾಕಿಸ್ತಾನ ಎರಡೂ ಕಡೆ ಶೆರ್ಮನ್‌ಗಳಿದ್ದುದರಿಂದ ನಿಮ್ಮ ಶೆರ್ಮನ್ ಮಾದರಿಗಳೂ ಅಲ್ಲಿ ಸಲ್ಲುತ್ತವೆ. ಅದೇ ಕಾಲದ ಟ್ಯಾಂಕ್‌ಗಳಾದ ಸೆಂಚುರಿಯನ್, ಪ್ಯಾಟನ್, ಪಿಟಿ-76 ಮುಂದೆ ಸೇರಬಹುದು. ಮನೆಯಲ್ಲಿ ಕಟ್ಟಿದ್ದಕ್ಕೆ ಟೇಪ್ ಹಿಡಿದು ಅಳೆಯಿರಿ: ವಿಜಯಂತದ ಅಗಲ ಸುಮಾರು 20 ಸೆಂ.ಮೀ. ಬರಬೇಕು. ಬೇರೆ ಟ್ಯಾಂಕಿನ ಚಾಸಿಗೆ ದೇಹ ಕೂರಿಸಿದ್ದರೆ ಅರ್ಧ ಸೆಂ.ಮೀ. ಹೆಚ್ಚುಕಡಿಮೆಗೆ ತಕರಾರು ಬೇಡ.

ತಿರುಗುವ ಗೋಪುರವಿಲ್ಲದ, ಎರಡನೆಯ ಮಹಾಯುದ್ಧದ ಜರ್ಮನ್ ಫಿರಂಗಿ ವಾಹನ ಸ್ಟುಗ್‌ನಂಥವುಗಳನ್ನು ಮಧ್ಯಮ ವರ್ಗದಲ್ಲಿ ಸೇರಿಸಿ. ಗುರಿ ಹಿಡಿಯಲು ಇಡೀ ದೇಹ ತಿರುಗಿಸಬೇಕಾದ ಕಷ್ಟಕ್ಕೆ ಅದರ ತಗ್ಗಾದ ಎತ್ತರ ಸರಿತೂಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಜಗಳ ಬರುವುದು ಏಟು ಗ್ರಹಿಸುವ ಸೆನ್ಸರ್‌ನಿಂದ. ಗೋಪುರದ ಮೇಲಿನ ಸಾಮಾನು ಬುಟ್ಟಿ, ಸುತ್ತಿಟ್ಟ ಟಾರ್ಪಾಲು ಅದನ್ನು ಹಿಂಬದಿಯಿಂದ ಮರೆಮಾಡಿದರೆ ಆ ವಾಹನ ಬೆನ್ನಿಗೆ ಏಟನ್ನೇ ತಿನ್ನುವುದಿಲ್ಲ. ಪ್ರತಿ ವಾಹನಕ್ಕೂ ನಾಲ್ಕು ದಿಕ್ಕಿನಿಂದ ಗುರಿಯಿಟ್ಟು ಹೊಡೆದು ಪರೀಕ್ಷಿಸಿ, ಅದೂ ಬಿಸಿಲು ಇಳಿದ ಮೇಲೆ, ಏಕೆಂದರೆ ನೇರ ಬಿಸಿಲಿನಲ್ಲಿ ಸೆನ್ಸರ್ ಸರಿಯಾಗಿ ಗ್ರಹಿಸುವುದಿಲ್ಲ. 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹಾರಿಸುವ ಮಾದರಿ ಬಂದರೆ ಗುಂಡುಗಳನ್ನು ತೆಗೆಸಿದ ನಂತರವೇ ಹೊಲಕ್ಕೆ ಇಳಿಸಿ. ಬದಿಯಲ್ಲಿ ಕೂತು ನೋಡುವ ಮಕ್ಕಳ ಕಣ್ಣಿನ ವಿಷಯದಲ್ಲಿ ಯಾರಿಗೂ ವಿನಾಯಿತಿ ಕೊಡಬೇಡಿ.